ಬಾಗಿಲಿನ ರಜೆ, ಆಳಿನ ರಜೆ

ಈ ತಿಂಗಳ ಕಾಗದಗಳಲ್ಲಿ ಐದು ವಾರದ ರಜೆಯ ಮೇಲೇ ಬಂದಿವೆ. ಆಟಿ ತಿಂಗಳ ಮಳೆಯಲ್ಲಿ ಗಿರಾಕಿಯಿಲ್ಲದೆ ಕೂತವರಿಗೆ ಇಂಥ ಲೆಕ್ಕಗಳು ಹೊಳೆಯುತ್ತವೋ ಏನೋ. ಕಾರ್ಮಿಕ ಇಲಾಖೆಯಲ್ಲಿ ನಿರೀಕ್ಷಕಿಯಾಗಿ ಅಂಗಡಿ ಅಂಗಡಿ ಅಲೆದವಳು ನಾನು. ಪೆನ್ಷನ್ ಬಂದ ಮೇಲೂ ಯಾವುದೇ ಅಂಗಡಿ ಹೊಕ್ಕರೆ ಸಾಮಾನಿಗಿಂತ ಮೊದಲು ಗೋಡೆಯ ಮೇಲಿನ ರಜೆಯ ಫಲಕ ಹುಡುಕುವ ಚಾಳಿ ಹೋಗಿಲ್ಲ. ಅದಕ್ಕೇ ಈ ಸಲ ಗ್ರಾಚ್ಯುಟಿ, ಪಿಎಫ್ ಪ್ರಶ್ನೆಗಳನ್ನೆಲ್ಲ ಪಕ್ಕಕ್ಕಿಟ್ಟು ಈ ಐದಕ್ಕಷ್ಟೇ ಉತ್ತರ.

ಪ್ರಶ್ನೆ: ಮೇಡಂ, ನಮ್ಮದು ದಕ್ಷಿಣ ಕೊಡಗಿನ ಒಂದು ಪೇಟೆಯಲ್ಲಿ ಬಟ್ಟೆ ಅಂಗಡಿ. ಅಜ್ಜನ ಕಾಲದಿಂದಲೂ ಶುಕ್ರವಾರ ಬಾಗಿಲು ತೆರೆಯುವುದಿಲ್ಲ. ಈಗ ವರ್ತಕರ ಸಂಘದವರು ಇಡೀ ಪೇಟೆ ಭಾನುವಾರವೇ ಮುಚ್ಚಬೇಕು, ತೆರೆದವರಿಗೆ ಐನೂರು ರೂಪಾಯಿ ದಂಡ ಎಂದು ಠರಾವು ಮಾಡಿದ್ದಾರೆ. ಶುಕ್ರವಾರವೂ ಮುಚ್ಚಿ ಭಾನುವಾರವೂ ಮುಚ್ಚಿದರೆ ಇಬ್ಬರು ಕೆಲಸದವರ ಸಂಬಳ ಎಲ್ಲಿಂದ ತರಲಿ? ಇದು ನಮ್ಮ ಮತಕ್ಕೆ ಮಾಡಿದ ಅನ್ಯಾಯ ಅಲ್ಲವೇ? ಕೋರ್ಟಿಗೆ ಹೋಗಬಹುದೇ?
— ಬಟ್ಟೆ ವ್ಯಾಪಾರಿ, ವಿರಾಜಪೇಟೆ ತಾಲ್ಲೂಕು

ಉತ್ತರ: ಕೋರ್ಟಿನ ಮಾತು ಆಮೇಲೆ. ಮೊದಲು ನಿಮ್ಮ ಗೋಡೆ ನೋಡಿ. ಅಲ್ಲಿ 'ವಾರದ ರಜೆ: ಶುಕ್ರವಾರ' ಎಂದು ಬರೆದ ಫಲಕ ಇದೆಯೇ? ನಮ್ಮ ರಾಜ್ಯದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರದ್ದು. ಅದರ 12ನೇ ಕಲಮು ವಾರದಲ್ಲಿ ಒಂದು ದಿನ ಮುಚ್ಚಿ ಎನ್ನುತ್ತದೆಯೇ ಹೊರತು ಭಾನುವಾರ ಮುಚ್ಚಿ ಎನ್ನುವುದಿಲ್ಲ. ದಿನ ಗೊತ್ತು ಮಾಡುವವನು ಮಾಲೀಕ. ಅದಕ್ಕೂ ಹಳೆಯದು ಕೇಂದ್ರದ 1942ರ ವಾರದ ರಜೆ ಕಾಯ್ದೆ. ಅಲ್ಲಿಯೂ ದಿನ ಆರಿಸುವವನು ಅಂಗಡಿಯವನೇ. ಆರಿಸಿದ್ದನ್ನು ಎದ್ದು ಕಾಣುವ ಕಡೆ ಬರೆದು ಹಾಕಬೇಕು, ಮೂರು ತಿಂಗಳಿಗೊಮ್ಮೆಗಿಂತ ಹೆಚ್ಚು ಸಲ ಬದಲಿಸಬಾರದು, ಅಷ್ಟೇ. ನೀವು ಶುಕ್ರವಾರ ಮುಚ್ಚಿ, ಫಲಕ ಹಾಕಿ, ನಿರೀಕ್ಷಕರ ಕಚೇರಿಗೆ ತಿಳಿಸಿದ್ದರೆ ಸರ್ಕಾರದ ಮಟ್ಟಿಗೆ ನಿಮ್ಮ ಲೆಕ್ಕ ಚುಕ್ತಾ. ಸಂಘದ ಠರಾವು ಸಂಘದ್ದು. ಅದು ಕಾನೂನಲ್ಲ, ಅದರ ಐನೂರಕ್ಕೆ ಸರ್ಕಾರದ ಮೊಹರಿಲ್ಲ.

ಅನ್ಯಾಯ ಹೌದೋ ಅಲ್ಲವೋ ಎಂಬುದು ಅಷ್ಟು ಸಲೀಸಲ್ಲ. ನಿಮ್ಮ ಕಾಗದ ಓದಿದಾಗ ನನಗೆ ನೆನಪಾದದ್ದು ಅಮೆರಿಕದ ಫಿಲಡೆಲ್ಫಿಯಾದ ಬಟ್ಟೆ, ಪೀಠೋಪಕರಣದ ವ್ಯಾಪಾರಿಗಳು. ಕಟ್ಟಾ ಯಹೂದಿಗಳು. ಶುಕ್ರವಾರ ಹೊತ್ತು ಮುಳುಗಿದಲ್ಲಿಂದ ಶನಿವಾರ ಹೊತ್ತು ಮುಳುಗುವವರೆಗೆ ಅವರಿಗೆ ವ್ಯಾಪಾರ ನಿಷಿದ್ಧ. ಪೆನ್ಸಿಲ್ವೇನಿಯಾ ರಾಜ್ಯ ಭಾನುವಾರವೂ ಇಂಥ ಅಂಗಡಿ ತೆರೆಯಬಾರದೆಂದು ಕಾನೂನು ಮಾಡಿತು. ಅವರು ಹೇಳಿದ್ದು ಅಕ್ಷರಶಃ ನಿಮ್ಮದೇ ಮಾತು: ದೇವರಿಗೊಂದು ದಿನ, ಸರ್ಕಾರಕ್ಕೊಂದು ದಿನ ಮುಚ್ಚಿದರೆ ನಾವು ಬದುಕುವುದು ಹೇಗೆ? 1961ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಅವರನ್ನು ಸೋಲಿಸಿತು. ಕಾನೂನು ನಿಮ್ಮ ಮತಾಚರಣೆಯನ್ನು ತಡೆದಿಲ್ಲ, ಅದರ ಖರ್ಚು ಹೆಚ್ಚಿಸಿದೆ ಅಷ್ಟೇ ಎಂದಿತು. ಒಪ್ಪದ ನ್ಯಾಯಮೂರ್ತಿಗಳೂ ಇದ್ದರು. ಮತ ಬೇಕೋ ಹೊಟ್ಟೆಪಾಡು ಬೇಕೋ ಎಂದು ಮನುಷ್ಯನನ್ನು ಕೇಳುವುದು ಕ್ರೂರ ಎಂಬುದು ಅವರ ನಿಲುವು. ನನ್ನ ಓಟು ಅವರಿಗೇ.

ಅದೇ ದಿನಗಳಲ್ಲಿ ಮೇರಿಲ್ಯಾಂಡಿನ ಇನ್ನೊಂದು ಕೇಸೂ ತೀರ್ಮಾನವಾಯಿತು. ಹೆದ್ದಾರಿ ಪಕ್ಕದ ದೊಡ್ಡ ಅಂಗಡಿಯ ನೌಕರರು ಭಾನುವಾರ ಒಂದು ಫೈಲು, ನೆಲಕ್ಕೆ ಹಚ್ಚುವ ಮೇಣದ ಡಬ್ಬ, ಸ್ಟೇಪ್ಲರ್ ಮತ್ತು ಪಿನ್ನು, ಒಂದು ಆಟದ ಸಬ್‌ಮರೀನ್ ಮಾರಿದ್ದಕ್ಕೆ ದಂಡ ಹಾಕಿಸಿಕೊಂಡಿದ್ದರು. ನಿರೀಕ್ಷಕಿಯ ಕಣ್ಣಿನಿಂದ ಆ ಪಟ್ಟಿ ಓದಿದರೆ ನನಗೆ ನಗು ಬರುತ್ತದೆ, ಸ್ವಲ್ಪ ನಾಚಿಕೆಯೂ ಆಗುತ್ತದೆ. ನಾವೂ ಮಹಜರು ಬರೆದದ್ದು ಹೀಗೇ: ಒಂದು ಲಂಗದ ಬಟ್ಟೆ, ಎರಡು ದಾರದ ಉಂಡೆ. ಅಲ್ಲಿಯೂ ಕಾನೂನೇ ಗೆದ್ದಿತು. ಭಾನುವಾರ ಹುಟ್ಟಿದ್ದು ಚರ್ಚಿನಲ್ಲಾದರೂ ಈಗ ಅದು ಎಲ್ಲರೂ ಒಟ್ಟಿಗೆ ಆರಾಮ ಮಾಡುವ ದಿನವಾಗಿದೆ ಎಂಬ ತರ್ಕ.

ಕೆನಡಾದವರು ಇದನ್ನು ಇನ್ನೂ ನಾಜೂಕಾಗಿ ಬಿಡಿಸಿದರು. 'ಪ್ರಭುವಿನ ದಿನ' ಎಂದೇ ಹೆಸರಿದ್ದ 1906ರ ಕಾಯ್ದೆಯನ್ನು 1985ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ರದ್ದು ಮಾಡಿತು. ಒಂದು ಮತದ ಪವಿತ್ರ ದಿನವನ್ನು ಎಲ್ಲರ ಮೇಲೆ ಹೇರುವುದೇ ಅದರ ಉದ್ದೇಶ ಎಂಬ ಕಾರಣಕ್ಕೆ. ಮರುವರ್ಷವೇ ಆಂಟೇರಿಯೊ ಪ್ರಾಂತ್ಯದ ಭಾನುವಾರದ ರಜೆ ಕಾನೂನನ್ನು ಎತ್ತಿಹಿಡಿಯಿತು. ಅದರ ಗುರಿ ಅಂಗಡಿ ನೌಕರರಿಗೆ ಮನೆಮಂದಿಯ ಜತೆ ಒಂದು ದಿನ ಕೊಡುವುದು. ಮೇಲಾಗಿ ಅದರಲ್ಲಿ ಒಂದು ಕಿಂಡಿ ಇತ್ತು. ಶನಿವಾರ ಮುಚ್ಚಿದವನು ಭಾನುವಾರ ತೆರೆಯಬಹುದು, ಆದರೆ ಅಂಗಡಿಯಲ್ಲಿ ಏಳಕ್ಕಿಂತ ಹೆಚ್ಚು ಜನ ಕೆಲಸಕ್ಕಿರಬಾರದು, ಜಾಗ 5,000 ಚದರ ಅಡಿಯೊಳಗಿರಬೇಕು. ಸಣ್ಣವನು ಬದುಕಲಿ, ದೊಡ್ಡವನು ದೇವರ ಹೆಸರಲ್ಲಿ ಏಳೂ ದಿನ ತೆರೆಯದಿರಲಿ ಎಂಬ ಲೆಕ್ಕಾಚಾರ. ನಿಮ್ಮ ಸಂಘದ ಸಭೆಗೆ ನೀವು ಹಿಡಿದುಕೊಂಡು ಹೋಗಬೇಕಾದದ್ದು ಈ ಕಿಂಡಿ. 'ಬೇರೆ ಯಾವುದೇ ಒಂದು ಪೂರ್ತಿ ದಿನ ಮುಚ್ಚುವ ಸದಸ್ಯನಿಗೆ ಭಾನುವಾರದ ಠರಾವು ಅನ್ವಯಿಸದು' ಎಂದು ಒಂದೇ ಸಾಲು ಸೇರಿಸಿ ಎಂದು ಕೇಳಿ. ಮತದ ಸುದ್ದಿಯನ್ನೇ ಎತ್ತಬೇಡಿ. ಸೋಮವಾರ ಮುಚ್ಚುವ ಹಾರ್ಡ್‌ವೇರಿನವರೂ ನಿಮ್ಮ ಕಡೆ ನಿಲ್ಲುತ್ತಾರೆ.

ಸಂಘದವರಿಗೂ ಒಂದು ಭಯ ಇದೆ, ಅದು ಸುಳ್ಳಲ್ಲ. ಎಲ್ಲರೂ ಮುಚ್ಚಿದ ದಿನ ಒಬ್ಬ ತೆರೆದರೆ ಪೇಟೆಯ ಗಿರಾಕಿಯೆಲ್ಲ ಅವನಿಗೆ. ಮುಂದಿನ ವಾರ ಎದುರಿನವನು ತೆರೆಯುತ್ತಾನೆ, ಅದರ ಮುಂದಿನ ವಾರ ರಜೆಯೇ ಇಲ್ಲ. ಇದಕ್ಕೆ ನಿಮ್ಮ ಉತ್ತರ ಒಂದೇ: ಶುಕ್ರವಾರ ನನ್ನ ಬಾಗಿಲು ನಿಜವಾಗಿ ಮುಚ್ಚಿರುತ್ತದೆ, ಬಂದು ನೋಡಿ. ಹಾಗೆಂದ ಮೇಲೆ ಶುಕ್ರವಾರ ಹಿಂಬಾಗಿಲಿನ ವ್ಯಾಪಾರ ಮಾಡಬಾರದು.

ಇನ್ನೊಂದು ಮಾತು. ಬೇಜಾರು ಮಾಡಿಕೊಳ್ಳಬೇಡಿ. ಯಹೂದಿಯ ಶನಿವಾರವೂ ನಿಮ್ಮ ಶುಕ್ರವಾರವೂ ಒಂದೇ ಅಲ್ಲ. ಜುಮಾದ, ಅಂದರೆ ಶುಕ್ರವಾರದ ಸಾಮೂಹಿಕ ನಮಾಜಿನ, ಕರೆ ಬಂದಾಗ ವ್ಯಾಪಾರ ಬಿಟ್ಟು ಬನ್ನಿ, ನಮಾಜು ಮುಗಿದ ಮೇಲೆ ನಿಮ್ಮ ನಿಮ್ಮ ಜೀವನೋಪಾಯಕ್ಕೆ ಚದುರಿ ಎಂಬುದು ಕುರಾನಿನಲ್ಲೇ ಇರುವ ಮಾತು. ಮಡಿಕೇರಿಯ ಸಂತೆಯೇ ಶುಕ್ರವಾರ. ಅಲ್ಲಿ ಮಧ್ಯಾಹ್ನದ ಹೊತ್ತು ಶಟರ್ ಎಳೆದು ಹೋಗಿ ಬಂದು ಮತ್ತೆ ತೆರೆಯುವವರನ್ನು ನಾನೇ ಕಂಡಿದ್ದೇನೆ. ಆದ್ದರಿಂದ ಇಡೀ ಶುಕ್ರವಾರ ಮುಚ್ಚುವುದು ಮತದ ಕಟ್ಟಳೆ ಎಂದು ನೀವು ಕೋರ್ಟಿನಲ್ಲಿ ವಾದಿಸಿದರೆ ಎದುರಿನ ವಕೀಲರು ಇದನ್ನೇ ಎತ್ತುತ್ತಾರೆ. ನಿಮ್ಮ ಅಜ್ಜನ ಪದ್ಧತಿ ಎಂದರೆ ಸಾಕು. ಕಾಯ್ದೆ ನಿಮ್ಮಿಂದ ಕಾರಣ ಕೇಳುವುದೇ ಇಲ್ಲ, ದಿನ ಮಾತ್ರ ಕೇಳುತ್ತದೆ. ಅದೇ ನಮ್ಮ ಕಾಯ್ದೆಯ ಒಳ್ಳೆಯತನ.

ಬಟ್ಟೆ ಅಂಗಡಿ, ಶುಕ್ರವಾರ ಎಂದ ಕೂಡಲೇ ನನ್ನೊಳಗೆ ಒಂದು ಹಳೆಯ ಮುಳ್ಳು ಅಲುಗುತ್ತದೆ. ಕೆಲಸಕ್ಕೆ ಸೇರಿದ ಎರಡನೇ ವರ್ಷ. ಜಿಲ್ಲೆಯ ಒಂದು ಪೇಟೆಯಲ್ಲಿ ಶುಕ್ರವಾರ ಬೆಳಗ್ಗೆ ನಡೆದು ಹೋಗುತ್ತಿದ್ದೆ. ಶುಕ್ರವಾರ ರಜೆಯ ಬಟ್ಟೆ ಅಂಗಡಿಯೊಂದರ ಶಟರ್ ಮೊಣಕಾಲೆತ್ತರ ಎದ್ದಿತ್ತು. ಬಗ್ಗಿ ನೋಡಿದೆ. ಒಳಗೆ ದೀಪ ಹಾಕಿರಲಿಲ್ಲ. ವಯಸ್ಸಾದ ಕಾಕ ಬಿಳಿ ಲಾಂಗ್‌ಕ್ಲಾತ್ ಥಾನನ್ನು ಮೇಜಿನ ಮೇಲೆ ಉರುಳಿಸಿ ಮೀಟರ್ ಕೋಲಿನಿಂದ ಅಳೆಯುತ್ತಿದ್ದರು. ಎದುರಿಗೆ ಮಳೆಗೆ ಹೊದೆಯುವ ಒದ್ದೆ ಗೊರಬು ಕೈಯಲ್ಲಿ ಹಿಡಿದ ತೋಟದ ಹುಡುಗ. ತೋಟದ ಕೂಲಿಗಳ ಲೈನ್‌ಮನೆಯಲ್ಲಿ ರಾತ್ರಿ ಅವನ ಅಪ್ಪ ತೀರಿಕೊಂಡಿದ್ದ. ಕತ್ತರಿ ಬಟ್ಟೆಯಲ್ಲಿ ಹೋಗುವ ಸದ್ದು ನನಗೆ ಈಗಲೂ ಕೇಳುತ್ತದೆ. ಹುಡುಗ ದುಡ್ಡು ತೆಗೆದ, ಕಾಕ ಕೈಯಾಡಿಸಿ ಬೇಡ ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಬರೆಯಿರಿ ಅಮ್ಮಾ, ಬಾಗಿಲು ತೆಗೆದದ್ದು ಹೌದು" ಎಂದರು.

ನಾನು ಬರೆದೆ. ಆ ತಿಂಗಳ ಕೇಸು ಒಂದೂ ಆಗಿರಲಿಲ್ಲ, ಮೇಲಿನವರು ಕೇಳುತ್ತಿದ್ದರು. ಸಂಸ್ಕಾರದ ಸಾಮಾನು ಮಾರುವ ಅಂಗಡಿಗೆ ವಿನಾಯಿತಿ ಉಂಟು, ಬಟ್ಟೆ ಅಂಗಡಿಗಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಅವರು ದಂಡ ಕಟ್ಟಿದರು. ಆಮೇಲೆ ಆ ಬೀದಿಯಲ್ಲಿ ಹೋಗುವಾಗ ನಾನು ಆಚೆ ಬದಿಯಿಂದ ಹೋಗುತ್ತಿದ್ದೆ.

ಪ್ರಶ್ನೆ: ಸೆಲೂನುಗಳೆಲ್ಲ ಮಂಗಳವಾರ ಮುಚ್ಚುವುದು ಕಾನೂನೇ?
— ವಿದ್ಯಾರ್ಥಿ, ಮಡಿಕೇರಿ

ಉತ್ತರ: ಕಾನೂನಲ್ಲಪ್ಪ, ಗಿರಾಕಿ. ಮಂಗಳವಾರ ಕೂದಲು ತೆಗೆಸಬಾರದೆಂದು ಜನ ಬರುವುದಿಲ್ಲ, ಬಾರದ ದಿನ ಅವರು ರಜೆ ಮಾಡಿದರು. ಇಡೀ ಕರ್ನಾಟಕದ ಒಂದು ಕಸುಬಿನವರು ಯಾವ ಠರಾವೂ ಇಲ್ಲದೆ ಒಂದೇ ದಿನ ಬಾಗಿಲು ಹಾಕುವುದನ್ನು ನೋಡಿದರೆ ನಮ್ಮ ಇಲಾಖೆಗೆ ಹೊಟ್ಟೆಕಿಚ್ಚಾಗಬೇಕು. ಶನಿವಾರಸಂತೆ ಹತ್ತಿರದ ನಮ್ಮ ಮನೆಯಲ್ಲಿ ಅಪ್ಪ ಸೋಮವಾರ ಎತ್ತಿಗೆ ನೊಗ ಇಡುತ್ತಿರಲಿಲ್ಲ. ಬಸವಣ್ಣನ ವಾರ. ಎತ್ತಿಗೆ ರಜೆ, ಅಪ್ಪನಿಗೆ ಬೇಲಿ ಕಟ್ಟುವ ಕೆಲಸ. ಅವ್ವನಿಗೆ ಅದೂ ಇಲ್ಲ ಇದೂ ಇಲ್ಲ.

ಪ್ರಶ್ನೆ: ನಾನು ಕುಶಾಲನಗರದ ಕಡೆ ಪ್ರವಾಸಿಗರಿಗೆ ಜೇನು, ಕಾಫಿಪುಡಿ, ಏಲಕ್ಕಿ, ಚಾಕೊಲೇಟು ಮಾರುವ ಅಂಗಡಿಯಲ್ಲಿ ಬಿಲ್ಲಿಂಗ್ ಮಾಡುತ್ತೇನೆ. ಹದಿನಾಲ್ಕು ಜನ ಕೆಲಸದವರಿದ್ದೇವೆ. ಅಂಗಡಿಗೆ ರಜೆಯೇ ಇಲ್ಲ, ನನಗೆ ಮಂಗಳವಾರ ರಜೆ. ನಾವು ಕ್ರೈಸ್ತರು. ಎರಡು ವರ್ಷದಿಂದ ಭಾನುವಾರದ ಪೂಜೆಗೆ ಹೋಗಿಲ್ಲ. ಕೇಳಿದರೆ ಸಾಹುಕಾರರು "ಭಾನುವಾರ ಬಿಟ್ಟು ಯಾವ ವಾರ ಬೇಕಾದರೂ ಕೇಳು" ಎನ್ನುತ್ತಾರೆ. ಸಂವಿಧಾನದಲ್ಲಿ ನನ್ನ ಧರ್ಮ ಆಚರಿಸುವ ಹಕ್ಕು ಇದೆಯಲ್ಲ?
— ಹೆಸರು ಬೇಡ

ಉತ್ತರ: ಇದೆ ಮಗಳೇ, 25ನೇ ವಿಧಿ. ಆದರೆ ಅದು ಮುಖ್ಯವಾಗಿ ಸರ್ಕಾರದ ಎದುರು ಹಿಡಿಯುವ ಹಕ್ಕು. ಖಾಸಗಿ ಅಂಗಡಿಯ ಸಾಹುಕಾರರ ಎದುರು ಅದನ್ನು ಹಿಡಿದು ನಿಂತರೆ ಕೆಲಸಕ್ಕೆ ಬರುವುದು ಕಷ್ಟ.

ಎಲ್ಲರೂ ಗಂಟು ಹಾಕಿಕೊಳ್ಳುವುದು ಇಲ್ಲೇ. ಕಾಯ್ದೆಯಲ್ಲಿ ಎರಡು ರಜೆಗಳಿವೆ: ಬಾಗಿಲಿನ ರಜೆ ಒಂದು, ಆಳಿನ ರಜೆ ಇನ್ನೊಂದು. ಬಾಗಿಲಿನ ರಜೆಯನ್ನು ಸರ್ಕಾರ ಸಡಿಲಿಸುತ್ತಲೇ ಬಂದಿದೆ. ಔಷಧಿ, ಹಾಲು, ತರಕಾರಿ, ಮಾಂಸದಂಥ ಅಂಗಡಿಗಳಿಗೆ ಮೊದಲಿನಿಂದಲೂ ವಿನಾಯಿತಿ. ಹತ್ತು ಅಥವಾ ಹೆಚ್ಚು ಕೆಲಸಗಾರರಿರುವ ಅಂಗಡಿಗಳು ವರ್ಷವಿಡೀ ಹಗಲೂ ರಾತ್ರಿ ತೆರೆದಿರಬಹುದೆಂದು 2021ರ ಜನವರಿಯಲ್ಲಿ ಮೂರು ವರ್ಷಗಳ ಮಟ್ಟಿಗೆ ಅಧಿಸೂಚನೆಯೂ ಬಂತು. ಆದರೆ ಆಳಿನ ರಜೆಯನ್ನು ಅದರಲ್ಲೂ ಮುಟ್ಟಲಿಲ್ಲ. ಪ್ರತಿಯೊಬ್ಬರಿಗೂ ಸರದಿಯಂತೆ ವಾರಕ್ಕೊಂದು ದಿನ ಕೊಡಬೇಕು, ಇವತ್ತು ಯಾರು ರಜೆಯಲ್ಲಿದ್ದಾರೆಂದು ಅಂಗಡಿಯಲ್ಲೇ ಬರೆದು ಹಾಕಬೇಕು, ದಿನಕ್ಕೆ ಎಂಟು ಗಂಟೆ, ವಾರಕ್ಕೆ ನಲವತ್ತೆಂಟರ ಮೇಲೆ ದುಡಿಸಿದರೆ ಓಟಿ. ನಿಮ್ಮ ಅಂಗಡಿಯಲ್ಲಿ ಆ ಪಟ್ಟಿ ಇದೆಯೇ ನೋಡು. ಪಟ್ಟಿ ಇದ್ದಲ್ಲಿ ಸರದಿ ಇರುತ್ತದೆ, ಸರದಿ ಇದ್ದಲ್ಲಿ ಭಾನುವಾರವೂ ಯಾರದೋ ಪಾಲಿಗೆ ಬರಲೇಬೇಕು.

ಆದರೆ ಆ ದಿನ ನಿನಗೆ ಬೇಕಾದ್ದೇ ಆಗಿರಬೇಕೆಂದು ಕಾಯ್ದೆ ಹೇಳುವುದಿಲ್ಲ. ನಮ್ಮ ಕಾನೂನಿನ ದೊಡ್ಡ ತೂತು ಇದೇ ಎಂದು ನನ್ನ ಅಭಿಪ್ರಾಯ. ಮೇಲಿನ ಬಟ್ಟೆ ವ್ಯಾಪಾರಿಗೆ ತನ್ನ ದೇವರ ದಿನ ಆರಿಸುವ ಸ್ವಾತಂತ್ರ್ಯ ಉಂಟು, ಅವರ ಅಂಗಡಿಯಲ್ಲಿ ದುಡಿಯುವ ಇಬ್ಬರಿಗೆ ಇಲ್ಲ. ಅಮೆರಿಕದಲ್ಲಿ ಇದಕ್ಕೆ ಬೇರೆ ಕಾನೂನೇ ಇದೆ, ಕೆಲಸಗಾರನ ಮತಾಚರಣೆಗೆ ಮಾಲೀಕ ಸಾಧ್ಯವಾದಷ್ಟು ಅನುವು ಮಾಡಿಕೊಡಬೇಕು. ಭಾನುವಾರ ಪಾರ್ಸೆಲ್ ಹಂಚಲು ಒಪ್ಪದ ಅಂಚೆಯವನೊಬ್ಬನ ಕೇಸಿನಲ್ಲಿ 2023ರಲ್ಲಿ ಸುಪ್ರೀಂ ಕೋರ್ಟು, ಸಣ್ಣಪುಟ್ಟ ತೊಂದರೆ ಹೇಳಿ ಮಾಲೀಕ ಜಾರಿಕೊಳ್ಳುವಂತಿಲ್ಲ, ಅವನ ವ್ಯವಹಾರಕ್ಕೆ ಗಣನೀಯ ಹೊರೆ ಬೀಳುತ್ತದೆಂದು ತೋರಿಸಬೇಕು ಎಂದಿತು. ಇಸ್ರೇಲಿನ 1951ರ ಕಾನೂನು ಇನ್ನೂ ನೇರ: ಯಹೂದಿಗೆ ಶನಿವಾರ, ಉಳಿದವರಿಗೆ ಶುಕ್ರ, ಶನಿ, ಭಾನುವಾರಗಳಲ್ಲಿ ಅವರವರಿಗೆ ಒಪ್ಪುವ ದಿನ.

ಹಾಗೆಂದು ಪೂರ್ತಿ ಹಕ್ಕು ಕೊಟ್ಟರೂ ಎಡವಟ್ಟೇ. ಕನೆಕ್ಟಿಕಟ್ ರಾಜ್ಯದಲ್ಲಿ ಹಾಗೆ ಮಾಡಿದ್ದರು, ತನ್ನ ಪವಿತ್ರ ದಿನ ಯಾರೂ ಕೆಲಸ ಮಾಡಬೇಕಾಗಿಲ್ಲ ಎಂದು. 1985ರಲ್ಲಿ ಅದು ಬಿತ್ತು. ಆ ದಿನದ ಹೊರೆ ಮಿಕ್ಕವರ ಹೆಗಲ ಮೇಲೆ ಬೀಳುವುದನ್ನು ಕಾನೂನು ಲೆಕ್ಕಕ್ಕೇ ಹಿಡಿದಿಲ್ಲ ಎಂಬ ಕಾರಣಕ್ಕೆ. ನಿನ್ನ ಅಂಗಡಿಯಲ್ಲೇ ನೋಡು: ನೀನು ಭಾನುವಾರ ಬರದಿದ್ದರೆ ಬಿಲ್ಲಿಂಗಿಗೆ ಯಾರು? ಅವಳಿಗೂ ಸಣ್ಣ ಮಗು ಇರಬಹುದು, ಶಾಲೆಗೆ ರಜೆ ಇರುವುದು ಅವತ್ತೊಂದೇ ದಿನ ಆಗಿರಬಹುದು. ದೇವರಿಗೆ ಹೋಗುವವಳ ಭಾನುವಾರ ದೊಡ್ಡದು, ಮಗುವಿನ ಜತೆ ಇರುವವಳದು ಚಿಕ್ಕದು ಎನ್ನಲು ನನಗಂತೂ ಬಾಯಿ ಬರುವುದಿಲ್ಲ.

ಆದ್ದರಿಂದ ಇಡೀ ದಿನ ಕೇಳಬೇಡ, ಮೂರು ಗಂಟೆ ಕೇಳು. ಭಾನುವಾರ ಹನ್ನೊಂದಕ್ಕೆ ಬರುತ್ತೇನೆ, ಬದಲಿಗೆ ಶನಿವಾರ ಸಂಜೆ ಕೊನೆಯವರೆಗೂ ನಿಲ್ಲುತ್ತೇನೆ ಎಂದು. ಹೋಂಸ್ಟೇಯಲ್ಲಿ ಮಲಗಿದ ಪ್ರವಾಸಿಗರು ತಿಂಡಿ ತಿಂದು ಕೋಣೆ ಖಾಲಿ ಮಾಡಿ ನಿಮ್ಮ ಅಂಗಡಿ ಮುಟ್ಟುವುದೇ ಹತ್ತೂವರೆಯ ಮೇಲೆ ಎಂದು ನಿನ್ನ ಸಾಹುಕಾರರಿಗೂ ಗೊತ್ತು. ಬಾಯಲ್ಲಿ ಕೇಳಬೇಡ, ಕಾಗದದಲ್ಲಿ ಬರೆದು ಕೊಡು, ಒಂದು ಪ್ರತಿ ನಿನ್ನ ಬಳಿ ಇರಲಿ. ಜತೆಯವರೊಂದಿಗೆ ಅದಲು ಬದಲು ಮಾಡಿಕೊಂಡರೆ ಅದನ್ನೂ ಬರೆಸು.

ಇನ್ನು ಹಬ್ಬಗಳು. 1963ರ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಕಾಯ್ದೆ ಅಂಗಡಿಗಳಿಗೂ ಅನ್ವಯ. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1, ಇವಲ್ಲದೆ ಇನ್ನು ಐದು ಹಬ್ಬದ ದಿನ, ಎಲ್ಲ ಸಂಬಳ ಸಹಿತ. ಆ ಐದು ಯಾವುವು ಎಂಬುದರಲ್ಲೇ ಕೊಡಗಿನ ನಿಜವಾದ ಜಟಾಪಟಿ. ಕೈಲ್‌ಪೊಳ್ದ್, ಕಾವೇರಿ ಸಂಕ್ರಮಣ, ಪುತ್ತರಿ ಮೂರನ್ನು ಹಾಕಿದರೆ ಎರಡೇ ಉಳಿಯಿತು. ಯುಗಾದಿ, ದೀಪಾವಳಿ, ರಂಜಾನು, ಕ್ರಿಸ್‌ಮಸ್ ಎಲ್ಲವೂ ಆ ಎರಡು ಕುರ್ಚಿಗೆ ನೂಕಾಡಬೇಕು. ಪಟ್ಟಿ ತಯಾರಾಗುವಾಗ ಕ್ರಿಸ್‌ಮಸ್ ಸೇರಿಸಿ ಎಂದು ನೀನು ಬಾಯಿ ಬಿಡಲೇಬೇಕು. ಹಬ್ಬದ ರಜೆಯಂದು ದುಡಿಸಿಕೊಂಡರೆ ಎರಡು ಪಟ್ಟು ಸಂಬಳ, ಇಲ್ಲವೇ ಆ ದಿನದ ಸಂಬಳದ ಜತೆಗೆ ಇನ್ನೊಂದು ದಿನ ರಜೆ. ವಿರಾಜಪೇಟೆಯಲ್ಲಿ ಸಂತ ಅನ್ನಮ್ಮನ ಚರ್ಚು 1792ರಿಂದ ಇದೆ, ಲಿಂಗಾಯತ ದೊರೆ ದೊಡ್ಡವೀರರಾಜೇಂದ್ರನ ಕಾಲದಿಂದ. ನಿನ್ನ ಸಾಹುಕಾರರಿಗೆ ಕ್ರಿಸ್‌ಮಸ್ಸು ಹೊಸ ಸಂಗತಿಯೇನಲ್ಲ.

ಪ್ರಶ್ನೆ: ನಮ್ಮ ತೋಟದಲ್ಲಿ ರೊಬಸ್ಟಾ ಕೊಯ್ಲು ಶುರುವಾದರೆ ಜನ ಸಿಗುವುದಿಲ್ಲ. ಅಸ್ಸಾಂ ಕಡೆಯಿಂದ ಬಂದವರು ಭಾನುವಾರವೂ ಕೊಯ್ಯುತ್ತೇವೆ ಎನ್ನುತ್ತಾರೆ, ನಮ್ಮ ಹಳೆ ಲೈನಿನವರು ಸಂತೆಗೆ ಹೋಗಬೇಕು ಎನ್ನುತ್ತಾರೆ. ಇಬ್ಬರಿಗೂ ಒಂದೇ ನಿಯಮ ಮಾಡಬೇಕೇ?
— ಬೆಳೆಗಾರ, ಪೊನ್ನಂಪೇಟೆ ತಾಲ್ಲೂಕು

ಉತ್ತರ: 1951ರ ಪ್ಲಾಂಟೇಷನ್ ಕಾರ್ಮಿಕರ ಕಾಯ್ದೆ ಇದನ್ನು ಮೊದಲೇ ಊಹಿಸಿತ್ತು. ಏಳು ದಿನಕ್ಕೊಂದು ದಿನ ವಿಶ್ರಾಂತಿ. ಕೆಲಸಗಾರನೇ ಮನಸ್ಸು ಮಾಡಿ ರಜೆಯ ದಿನವೂ ದುಡಿದರೆ ಅಡ್ಡಿಯಿಲ್ಲ, ಆದರೆ ನಡುವೆ ಪೂರ್ತಿ ರಜೆಯಿಲ್ಲದೆ ಒಂದೇ ಸಮನೆ ಹತ್ತು ದಿನ ಮೀರಬಾರದು ಎಂದು ಅದರ 20ನೇ ಕಲಮು. ಈಗ ಆ ಕಾಯ್ದೆಯನ್ನು 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯದ ಸಂಹಿತೆಯೊಳಗೆ ಸೇರಿಸಿದ್ದಾರೆ. ಅಲ್ಲಿ ವಾರಕ್ಕೆ ಆರು ದಿನದ ಮೇಲೆ ದುಡಿಸಬಾರದೆಂದು ನೇರವಾಗಿಯೇ ಹೇಳಿದೆ. ಆದ್ದರಿಂದ ಹತ್ತರ ಲೆಕ್ಕ ಮರೆತು ಆರರ ಲೆಕ್ಕ ಹಿಡಿಯಿರಿ.

ನಿಯಮ ಒಂದೇ ಇರಲಿ, ದಿನ ಒಂದೇ ಇರಬೇಕಾಗಿಲ್ಲ. ಹಳಬರಿಗೆ ಭಾನುವಾರ ದೇವರ ದಿನವೂ ಅಲ್ಲ, ವಿಶ್ರಾಂತಿಯ ದಿನವೂ ಅಲ್ಲ. ಶನಿವಾರ ಬಟವಾಡೆ, ಮರುದಿನ ಸಂತೆ. ಒಣಮೀನು, ಎಲೆಅಡಿಕೆ, ಮಕ್ಕಳ ಚಡ್ಡಿ. ಅಂದರೆ ವಾರದ ಕೂಲಿ ಸಾಮಾನಾಗುವ ದಿನ. ಅದನ್ನು ಬುಧವಾರಕ್ಕೆ ಸರಿಸಿದರೆ ಸಂತೆಯೇ ಇಲ್ಲದ ದಿನ ರಜೆ ಕೊಟ್ಟಂತೆ. ಅಸ್ಸಾಮಿನವರಲ್ಲಿ ಹಲವರು ಮುಸ್ಲಿಮರು. ಅವರನ್ನು ಕೇಳಿ ನೋಡಿ, ಶುಕ್ರವಾರ ಕೊಡುತ್ತೇನೆಂದರೆ ಕುಣಿದಾಡಬಹುದು. ಆಗ ಕಣ ಏಳೂ ದಿನ ನಡೆಯುತ್ತದೆ, ಜನ ಆರೇ ದಿನ ದುಡಿಯುತ್ತಾರೆ. ಚೆಕ್‌ರೋಲ್‌ ಎಂಬ ಹಾಜರಿ ಪುಸ್ತಕದಲ್ಲಿ ಎರಡು ತಂಡದ ರಜೆಯನ್ನೂ ಬೇರೆ ಬೇರೆ ತೋರಿಸಲು ತೋಟದ ಲೆಕ್ಕ ಬರೆಯುವ ರೈಟರಿಗೆ ಹೇಳಿ. "ಅವರೇ ಬಂದು ದುಡಿಯುತ್ತೇವೆ ಅಂದರು ಮೇಡಂ" ಎಂಬ ಮಾತನ್ನು ನಾನು ನೂರು ತೋಟದಲ್ಲಿ ಕೇಳಿದ್ದೇನೆ. ಮೇಸ್ತ್ರಿ ಎದುರಿಗಿಲ್ಲದಾಗ ಕೇಳಿದರೆ ಉತ್ತರ ಬೇರೆ ಬರುತ್ತಿತ್ತು.

ಅಂದ ಹಾಗೆ, ರೋಮ್ ಚಕ್ರವರ್ತಿ ಕಾನ್‌ಸ್ಟಂಟೈನ್ 321ರಲ್ಲಿ ಭಾನುವಾರದ ರಜೆ ಸಾರಿದಾಗ ನ್ಯಾಯಾಧೀಶರು, ಪೇಟೆಯವರು, ಕಸುಬುದಾರರು ಕೆಲಸ ನಿಲ್ಲಿಸಲಿ ಎಂದ. ಬೇಸಾಯದವರನ್ನು ಬಿಟ್ಟ. ಬಿತ್ತನೆಗೂ ದ್ರಾಕ್ಷಿ ಬಳ್ಳಿ ನೆಡುವುದಕ್ಕೂ ಹದ ತಪ್ಪಬಾರದಲ್ಲ. ಹಣ್ಣು ನೆಲಕ್ಕುದುರುವ ಚಿಂತೆ ಬೆಳೆಗಾರರಿಗೆ ಅವತ್ತಿನಿಂದ ಇವತ್ತಿನವರೆಗೆ ಒಂದೇ. ಹಿಂದೂಸ್ತಾನದ ಕೂಲಿಗಳಿಗೆ ಭಾನುವಾರ ಸಿಕ್ಕಿದ್ದು ದೊರೆಗಳಿಂದಲ್ಲ; ಮುಂಬಯಿಯ ಗಿರಣಿಗಳಲ್ಲಿ ನಾರಾಯಣ ಮೇಘಾಜಿ ಲೋಖಂಡೆಯವರು ವರ್ಷಗಟ್ಟಲೆ ಹೋರಾಡಿ 1890ರಲ್ಲಿ ಗಿಟ್ಟಿಸಿದ್ದು.

ಪ್ರಶ್ನೆ: ನಮ್ಮದು ದಿನಸಿ ಅಂಗಡಿ. ಯಜಮಾನರು, ನಾನು ಇಬ್ಬರೇ, ಆಳುಗಳಿಲ್ಲ. ಬೆಳಗ್ಗೆ ಆರೂವರೆಗೆ ತೆರೆದರೆ ರಾತ್ರಿ ಒಂಬತ್ತು. ಹನ್ನೊಂದು ವರ್ಷವಾಯಿತು, ಸಾವು ಮದುವೆ ಬಿಟ್ಟರೆ ಒಂದು ದಿನ ಮುಚ್ಚಿಲ್ಲ. ತವರು ಅರಕಲಗೂಡಿನ ಹತ್ತಿರ, ಹೋದರೆ ಅದೇ ದಿನ ಸಂಜೆಗೆ ವಾಪಸ್. "ನಮ್ಮ ಅಂಗಡಿ, ನಾವು ದುಡಿಯುತ್ತೇವೆ, ಸರ್ಕಾರಕ್ಕೇನು" ಅಂತಾರೆ. ಹೆಂಡತಿಗೆ ರಜೆ ಕೊಡಿಸುವ ಕಾನೂನು ಇದೆಯೇ?
— ಸೋಮವಾರಪೇಟೆ ತಾಲ್ಲೂಕಿನ ಓದುಗಿ

ಉತ್ತರ: ನಿಮ್ಮ ಯಜಮಾನರು ಕೇಳಿದ ಪ್ರಶ್ನೆಯನ್ನು ಪಂಜಾಬಿನ ಫಿರೋಜ್‌ಪುರದ ಪುಸ್ತಕದಂಗಡಿಯವರೊಬ್ಬರು ಸುಪ್ರೀಂ ಕೋರ್ಟಿನವರೆಗೆ ಒಯ್ದು ಕೇಳಿದ್ದಾರೆ. ಅವರೇ ಆರಿಸಿಕೊಂಡ ರಜೆ ಶುಕ್ರವಾರ. 1954ರ ಜನವರಿಯ ಒಂದು ಶುಕ್ರವಾರ ನಿರೀಕ್ಷಕರು ಹೋದಾಗ ಅಂಗಡಿ ತೆರೆದಿತ್ತು, ಮಗ ವ್ಯಾಪಾರ ಮಾಡುತ್ತಿದ್ದ. ಇಲ್ಲಿ ಹೊರಗಿನ ಆಳು ಯಾರೂ ಇಲ್ಲ, ನಾನು ಮತ್ತು ನನ್ನ ಮನೆಯವರು, ಕಾರ್ಮಿಕರನ್ನು ಕಾಪಾಡುವ ಕಾನೂನು ನನಗೇಕೆ ಎಂದು ಅವರ ವಾದ. ಕೋರ್ಟು ಒಪ್ಪಲಿಲ್ಲ. ಆಳಿಲ್ಲದ ಅಂಗಡಿಗೆ ಬಿಟ್ಟರೆ ಆಳಿರುವವರೂ ಇಲ್ಲವೆಂದು ಹೇಳಿ ನುಣುಚಿಕೊಳ್ಳುತ್ತಾರೆ ಎಂಬುದು ಒಂದು. ಅಂಗಡಿಯಲ್ಲಿ ದುಡಿಯುವ ಮಾಲೀಕನ ಆರೋಗ್ಯವೂ ಸಮಾಜದ ಚಿಂತೆಯೇ ಎಂಬುದು ಇನ್ನೊಂದು.

ಈಗ ನಿಮ್ಮ ವಿಷಯ. ನಮ್ಮ ರಾಜ್ಯದ ಕಾಯ್ದೆಯಲ್ಲಿ ಕೆಲಸಗಾರ ಎಂಬ ಪದದಿಂದ ಮಾಲೀಕನ ಮನೆಯವರನ್ನು ಹೊರಗಿಟ್ಟಿದ್ದಾರೆ. ಅಂದರೆ ಆಳಿನ ರಜೆ ನಿಮಗೆ ಅನ್ವಯಿಸುವುದಿಲ್ಲ. ಓಟಿ ಇಲ್ಲ, ಸಂಬಳ ಸಹಿತ ರಜೆ ಇಲ್ಲ. ನಿಮ್ಮ ಕೈಗೆ ಸಿಗುವುದು ಬಾಗಿಲಿನ ರಜೆ ಒಂದೇ. ದಿನಸಿ ಅಂಗಡಿ, ಆಳಿಲ್ಲದಿದ್ದರೂ ನೋಂದಣಿ ಬೇಕಾದ್ದೇ, ವಾರಕ್ಕೊಂದು ದಿನ ಮುಚ್ಚಬೇಕಾದ್ದೇ. ಎಷ್ಟು ಮಂದಿ ಹೆಂಗಸರ ಪಾಲಿಗೆ ಈ ಬಾಗಿಲಿನ ರಜೆಯೇ ಒಂದು ರಜೆ ಎಂಬುದು ಎಲ್ಲಿಯೂ ಬರೆದಿಲ್ಲ, ನಾನು ಮನೆ ಮನೆ ಹೊಕ್ಕು ನೋಡಿದ್ದು. ಮುಂದೆ ಅಂಗಡಿ, ಹಿಂದೆ ಅಡಿಗೆಮನೆ, ನಡುವೆ ಒಂದು ಪರದೆ. ಪರದೆಯಾಚೆಯಿಂದ "ಕಾಲು ಕೆಜಿ ಸಕ್ಕರೆ" ಎಂದು ಕೂಗಿದರೆ ಹಿಟ್ಟಿನ ಕೈ ಒರೆಸಿಕೊಂಡು ಬರುವವರು.

ನೀವು ನಿಮ್ಮ ಯಜಮಾನರ ಮೇಲೆ ದೂರು ಕೊಡಿ ಎಂದು ನಾನು ಹೇಳುವುದಿಲ್ಲ. ನೋಂದಣಿ ಪತ್ರ ಅಂಗಡಿಯಲ್ಲಿ ದೇವರ ಪಟದ ಪಕ್ಕ ಫ್ರೇಮು ಹಾಕಿ ತೂಗಿರುತ್ತದೆ, ಅದರ ಸುತ್ತಮುತ್ತ ರಜೆಯ ಫಲಕ ಇದೆಯೇ ನೋಡಿ. ಬಹುತೇಕ ಕಡೆ ಫಲಕ ಇರುತ್ತದೆ, ವಾರದ ಹೆಸರಿರುವ ಜಾಗ ಖಾಲಿ ಇರುತ್ತದೆ. ಸೋಮವಾರ ಪೇಟೆಗೆ ಜನ ಬರುವ ದಿನವಾದರೆ ಅದು ಬೇಡ, ಮಂಗಳವಾರ ಇರಲಿ, ಹೇಗೂ ಪಕ್ಕದ ಸೆಲೂನೂ ಮುಚ್ಚಿರುತ್ತದೆ. ಸೀಮೆಸುಣ್ಣದಲ್ಲಿ ಬರೆಯಬೇಡಿ, ಪೈಂಟಿನಲ್ಲಿ ಬರೆಯಿರಿ. ಅರಕಲಗೂಡಿಗೆ ಸೋಮವಾರ ಸಂಜೆಯ ಬಸ್ಸಿಗೇ ಹೋಗಿ.